ಬೇವನ್ನು ತಬ್ಬಿದ ಆಲ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆ ಸಂಜೆ ನನ್ನ ಬೆನ್ನಿಗೆ ಏನು ತಾಗಿತ್ತೋ ಅದನ್ನು ಹೆಚ್ಚು ಕಡಿಮೆ ಮಾಡದೆ ಹೇಳುತ್ತೇನೆ.

ಲೋಹಾರಾ ಸಮೀಪದ ನಮ್ಮ ಊರು ಭೂಕಂಪದಲ್ಲಿ ಬಿದ್ದ ಮೇಲೆ ಉಳಿದವರೆಲ್ಲ ಹೊಸ ಊರಿಗೆ ಬಂದೆವು. ಹಳೆಯ ಊರಿನಲ್ಲಿ ಈಗ ಇರುವುದು ಕಲ್ಲಿನ ಗುಡ್ಡೆ, ಜಾಲಿ. ಅಲ್ಲಿ ಯಾರದೋ ಅಂಗಳದ ಬೇವಿನ ಕಾಂಡದ ಮೇಲೆ ಹಕ್ಕಿ ಹಾಕಿದ ಬೀಜದಿಂದ ಆಲ ಹುಟ್ಟಿತ್ತು. ಇಪ್ಪತ್ತು ವರ್ಷಗಳಲ್ಲಿ ಅದು ಬೇರು ಇಳಿಸುತ್ತ ಇಳಿಸುತ್ತ ಬೇವನ್ನು ಸುತ್ತಲೂ ತಬ್ಬಿಕೊಂಡಿತ್ತು. ಹೊರಗಿನಿಂದ ನೋಡಿದರೆ ಆಲವಷ್ಟೇ ಕಾಣುತ್ತಿತ್ತು.

ನಮ್ಮಲ್ಲಿ ಎಮ್ಮೆ ಈದಾಗ, ಕರುವಿನ ಹಿಂದೆ ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಒಸರುವ ಮರಕ್ಕೆ ಕಟ್ಟುತ್ತೇವೆ, ಎಮ್ಮೆಗೂ ಹಾಲು ಹೆಚ್ಚಲಿ ಎಂದು. ಹೊಸ ಊರಿನಲ್ಲಿ ಆಲವಿಲ್ಲ. ಹೀಗಾಗಿ ನಮ್ಮ ಎಮ್ಮೆ ಈದ ದಿನ ಕತ್ತಲಾಗುವ ಹೊತ್ತಿಗೆ ನಾನೂ ಹೆಂಡತಿಯ ತಮ್ಮ ಬಸಣ್ಣನೂ ಅಲ್ಲಿಗೆ ಹೋದೆವು. ನಾನು ಮರ ಹತ್ತಿ ಮಾಸಿನ ಗಂಟು ಕಟ್ಟಿದೆ. ಇಳಿಯುವಾಗ ಕಾಲಿಟ್ಟ ಕೊಂಬೆ ಮುರಿಯಿತು...

ಬೇರುಗಳ ನಡುವಿನ ಸಂದಿಯಲ್ಲಿ ಮರದ ಒಳಗೆ ಜಾರಿ ನೆಲದವರೆಗೂ ಇಳಿದುಬಿಟ್ಟೆ. ಎದುರಿಗೆ ಕಿಟಕಿಯ ಸರಳುಗಳಂತೆ ಆಲದ ಬೇರು. ಬೆನ್ನಿಗೆ ಬೇವಿನ ಕಾಂಡ. ಎರಡೂ ಕೈ ತಲೆಯ ಮೇಲೆಯೇ ಸಿಕ್ಕಿಕೊಂಡಿದ್ದವು.

“ಹೊಟ್ಟಿ ಒಳಗ ತಗೋರಿ ಮಾಮಾ,” ಎಂದು ಬಸಣ್ಣ ನಕ್ಕ. “ಅಕ್ಕ ಭಾಳ ತಿನಿಸ್ಯಾಳ.”

ಎಷ್ಟು ತಿಣುಕಿದರೂ ಹೊರಬರಲಾಗಲಿಲ್ಲ. ಅವನ ನಗು ನಿಂತಿತು. ಕೊಡಲಿ, ಬ್ಯಾಟರಿ ತರುತ್ತೇನೆಂದು ಹೊಸ ಊರಿನ ಕಡೆ ಓಡಿದ.

ದೊಡ್ಡ ಉಸಿರು ಎಳೆದರೆ ಬೇರು ಎದೆಗೆ ಒತ್ತುತ್ತಿತ್ತು. ಸಣ್ಣ ಸಣ್ಣ ಉಸಿರು ತೆಗೆದುಕೊಂಡೆ. ಹಳೆಯ ಗೋಡೆ ಕೆಡವಿದಾಗ ಬರುವಂಥ ಮಣ್ಣಿನ ಧೂಳಿನ ವಾಸನೆ... ಬೆನ್ನ ಹಿಂದೆ ಕಾಂಡ ಬೆಚ್ಚಗಿತ್ತು. ಹಗಲಿನ ಬಿಸಿಲಿನದು ಅಂದುಕೊಂಡೆ.

ಆಮೇಲೆ ಅದು ನಿಧಾನವಾಗಿ ಉಬ್ಬಿತು. ಇಳಿಯಿತು.

ನಾನು ಉಸಿರು ಬಿಗಿಹಿಡಿದೆ. ಅದು ಮತ್ತೆ ಉಬ್ಬಿತು. ಇದ್ದ ಜಾಗವೂ ಕಡಿಮೆಯಾಯಿತು. ಕೂಗಬೇಕೆಂದರೆ ಎದೆಯಲ್ಲಿ ಗಾಳಿಯೇ ಇಲ್ಲ...

ಬಸಣ್ಣ ಬಂದವನೇ ಬ್ಯಾಟರಿಯನ್ನು ನೆಲದ ಮೇಲಿಟ್ಟು, ಬೇರುಗಳನ್ನು ಕಡಿದು, ತೋಳು ಹಿಡಿದು ನನ್ನನ್ನು ಹೊರಗೆಳೆದ. ನಾನು ನೆಲಕ್ಕೆ ಬಿದ್ದು ಕೆಮ್ಮುತ್ತಿದ್ದೆ. ಅವನು ನನ್ನತ್ತ ನೋಡಲೇ ಇಲ್ಲ. ಮತ್ತೆ ಅದೇ ಸಂದಿಗೆ ಕೈ ಹಾಕಿದ.

ಯಾಕೆಂದು ಕೇಳಿದೆ.

“ತಡೀರಿ ಮಾಮಾ. ನಿಮ್ಮ ಹಿಂದ ನಿಂತಾಕಿ ಕೈ ಚಾಚ್ಯಾಳ. ಆಕಿನೂ ಹೊರಗ ತಗೀಬೇಕು.”

ಭೂಕಂಪದ ದಿನ ಕಲ್ಲಿನಡಿಯಿಂದ ಜನರನ್ನು ಎಳೆಯುವಾಗಲೂ ಅವನ ದನಿ ಹೀಗೇ ಮೆಲ್ಲಗಿತ್ತು.

ನಾನು ಬ್ಯಾಟರಿ ಎತ್ತಿ ಒಳಗೆ ಹಿಡಿದೆ. ಯಾರೂ ಇರಲಿಲ್ಲ. ಬೇವೂ ಇರಲಿಲ್ಲ. ಅದು ಎಂದೋ ಕೊಳೆತು ಮಣ್ಣಾಗಿತ್ತು. ಬೇರುಗಳ ಪಂಜರದಾಚೆ ಆಕಾಶ ಕಾಣುತ್ತಿತ್ತು.

ಆದರೂ ಬಸಣ್ಣನ ಕೈ ಹೊರಗೆ ಬರಲಿಲ್ಲ. ನಾನು ಅವನ ಸೊಂಟ ಹಿಡಿದು ಜಗ್ಗಿದೆ. ಬಹಳ ಹೊತ್ತಿನ ಮೇಲೆ ಬಂತು.

“ಬಿಟ್ಲು,” ಎಂದ, ಅಷ್ಟೇ.

ಆ ಸಂದಿ ಮುಚ್ಚಿಕೊಳ್ಳಬಾರದೆಂದು ಬಸಣ್ಣ ಈಗಲೂ ಆಗಾಗ ಹೋಗಿ ಹೊಸ ಬೇರುಗಳನ್ನು ಕಡಿದು ಬರುತ್ತಾನೆ. ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಜೊತೆಗೆ ಹೋಗಲೂ ಆಗುವುದಿಲ್ಲ.