ಮೂರು ಕೈಯ ಟೋಪಿ

ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿದ ಮೇಲೆ, ಒಲೆ ಹಚ್ಚುವುದಕ್ಕೂ ಮೊದಲು, ಟೋಪಿ ಅಕ್ಕ ಮನೆಯ ಕುರ್ಚಿ, ದಿಂಬು, ಮಂಚದ ಅಂಚನ್ನೆಲ್ಲ ಅಂಗೈಯಿಂದ ಸವರಿ ನೋಡುತ್ತಾಳೆ. ಎಲ್ಲಾದರೂ ಒಂದು ಹೆಣಿಗೆ ಕಡ್ಡಿ ಸಿಕ್ಕೇ ಸಿಗುತ್ತದೆ. ಒಮ್ಮೆ ಅತ್ತೆ ನೋಡದೆ ಕಡ್ಡಿಯ ಮೇಲೆ ಕೂತು ಮನೆ ಹಾರಿಹೋಗುವಂತೆ ಕೂಗಿದ್ದರು. ಅಂದಿನಿಂದ ಜ್ವರ ಬಂದರೂ ಅಕ್ಕ ಈ ಕೆಲಸ ತಪ್ಪಿಸಿಲ್ಲ.

ಕಡ್ಡಿಗಳು ಹಾಗೆ ಬಿದ್ದಿರುವುದಕ್ಕೆ ಕಾರಣವಿದೆ. ಆ ಮನೆಯಲ್ಲಿ ಒಂದು ಉಲ್ಲನ್ ಟೋಪಿಯನ್ನು ಒಬ್ಬರೇ ಹೆಣೆದು ಮುಗಿಸಿದ್ದೇ ಇರಲಿಲ್ಲ. ಸಂಜೆ ಅಕ್ಕ ಶುರು ಮಾಡಿ ಅಡುಗೆಗೆ ಎದ್ದರೆ ಅತ್ತೆ ಎತ್ತಿಕೊಳ್ಳುತ್ತಿದ್ದರು. ಅತ್ತೆಗೆ ಆಕಳಿಕೆ ಬಂದರೆ ಅಕ್ಕನ ಗಂಡ ಎತ್ತಿಕೊಳ್ಳುತ್ತಿದ್ದರು. ಅವರು ಬಸ್ ಡ್ರೈವರ್. ಕಡ್ಡಿಯನ್ನೂ ಸ್ಟಿಯರಿಂಗ್‌ನಂತೆ ಬಿಗಿಯಾಗಿ ಹಿಡಿಯುತ್ತಾರೆ. ಅತ್ತೆಗೆ ಮಾತು ಜಾಸ್ತಿ, ಹೆಣಿಗೆ ಸಡಿಲ. ಹೀಗಾಗಿ ಟೋಪಿಗೆ ನಡುವೆ ದೊಡ್ಡ ಹೊಟ್ಟೆ, ಅದರ ಮೇಲೆ ಸಣ್ಣ ಸೊಂಟ. ಹಾಕಿಕೊಳ್ಳುವವರೂ ಮನೆಯವರೇ ಆದ್ದರಿಂದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ.

ಬಿದ್ದದ್ದು ಬಟ್ಟೆ ಅಂಗಡಿಯ ಯಜಮಾನಿಯ ಕಣ್ಣಿಗೆ. ಅಕ್ಕನ ಕೈಕೆಲಸ ಚೆಂದ ಎಂದು ಯಾರೋ ಹೇಳಿದ್ದನ್ನು ನಂಬಿ, ಚಳಿಗಾಲಕ್ಕೆ ಒಂದು ಬುಟ್ಟಿ ಟೋಪಿ ಕೇಳಿದ್ದರು. ಮನೆಯವರು ಎಂದಿನಂತೆ ಕೈಯಿಂದ ಕೈಗೆ ದಾಟಿಸುತ್ತಾ ನಗುನಗುತ್ತಲೇ ಹೆಣೆದರು. ಯಜಮಾನಿ ಅದರಲ್ಲೊಂದನ್ನು ಗಾಜಿನ ಕಪಾಟಿನೊಳಗಿನ ಮರದ ತಲೆಗೆ ಹಾಕಿ ನೋಡಿದರು.

"ಇದೇನಮ್ಮಾ, ಟೋಪಿನೋ ಕುಂಬಳಕಾಯಿನೋ? ಇನ್ನೊಂದು ವಾರ ಕಾಯ್ತೀನಿ. ಸರಿಯಾಗಿದ್ರೆ ಈ ಕಪಾಟು ನಿಮ್ದು. ಇಲ್ದಿದ್ರೆ ಬೇರೆಯವರಿಗೆ."

ಅಕ್ಕ ಬುಟ್ಟಿ ಹೊತ್ತು ಮನೆಗೆ ಬಂದಳು.

"ಊರಿಗೆಲ್ಲ ಟೋಪಿ ಹಾಕೋಕೆ ಹೊರಟು ನಾವೇ ಹಾಕಿಸ್ಕೊಂಡ್ವಿ ನೋಡು," ಎಂದರು ಗಂಡ.

"ನಗ್ಬೇಡಿ ರೀ. ಆ ಕಪಾಟು ನಂಗೆ ಬೇಕು. ನಮ್ಮನೆ ಕೆಲಸ ನಾಲ್ಕು ಜನರ ತಲೆ ಮೇಲೆ ಕೂರ್ಬೇಕು."

"ಹಾಗಾದ್ರೆ ನೀನೊಬ್ಳೇ ಹೆಣಿ. ನಿನ್ನ ಕೈ ಸಮ. ನಾವು ಮುಟ್ಟಲ್ಲ."

"ಹೂಂ ಕಣೇ, ಇನ್ನು ನನ್ನ ಕೈಗೂ ರಜಾ," ಎಂದರು ಅತ್ತೆ.

ಆ ಸಂಜೆ ಅಕ್ಕ ಒಬ್ಬಳೇ ಹೆಣೆದಳು. ಟೋಪಿ ಅಚ್ಚುಕಟ್ಟಾಗಿ ಬಂತು. ಆದರೆ ಅತ್ತೆ ಮಡಿಲಲ್ಲಿ ಕೈಯಿಟ್ಟುಕೊಂಡು ಗೋಡೆ ನೋಡಿ, ಬೇಗನೆ ಮಲಗಿಬಿಟ್ಟರು. ಗಂಡ ಟಿವಿ ಹಾಕಿದರು, ನೋಡಲಿಲ್ಲ. ಯಾರೂ ಯಾರನ್ನೂ ರೇಗಿಸಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಅಂಗೈ ಕುರ್ಚಿಗಳನ್ನೆಲ್ಲ ಸವರಿತು. ಒಂದು ಕಡ್ಡಿಯೂ ಸಿಗಲಿಲ್ಲ. ಅವಳು ಅಲ್ಲೇ ಕೂತಳು. ಕಪಾಟು ಸಿಕ್ಕಿ, ಮೂವರೂ ಕೂಡಿ ನಗುವ ಸಂಜೆಯೇ ಹೋಗುವುದಾದರೆ ಯಾವ ಸುಖಕ್ಕೆ? 'ದೇವರೇ, ಎರಡೂ ಉಳಿಯೋ ದಾರಿ ತೋರಿಸಪ್ಪಾ' ಎಂದುಕೊಂಡು, ವಾಪಸು ಬಂದ ಟೋಪಿಯೊಂದನ್ನು ಸುಮ್ಮನೆ ಕೈಗೆತ್ತಿಕೊಂಡಳು. ಗಂಡ ಹೆಣೆದ ಸುತ್ತುಗಳೊಳಗೆ ಅವಳ ಮುಷ್ಟಿಯಷ್ಟೇ ಹಿಡಿಸಿತು. ಅತ್ತೆಯ ಸುತ್ತುಗಳಲ್ಲಿ ಎರಡೂ ಕೈ ಆಡಿದವು.

"ಅತ್ತೇ, ಏಳಿ! ರೀ, ನೀವೂ ಬನ್ನಿ! ಇನ್ಮೇಲೆ ಟೋಪಿ ದಾಟಿಸೋದು ಬೇಡ. ಒಬ್ಬೊಬ್ಬರೂ ಒಂದೊಂದು ಟೋಪಿ ಪೂರ್ತಿ ಹೆಣೆಯೋಣ. ನಿಮ್ಮ ಬಿಗಿ ಕೈ ಕೂಸುಗಳ ತಲೆಗೆ ಸರಿ. ಅತ್ತೆ ಕೈ ತುರುಬು ಇರೋರಿಗೆ. ನನ್ನದು ಉಳಿದವರಿಗೆ."

"ನನ್ನ ಸಡಿಲ ಕೈಗೂ ಗಿರಾಕಿ ಇದ್ದಾರೇನೇ?"

"ಬೇರೆ ಯಾರೂ ಬೇಡ, ನಿಮ್ಮ ತುರುಬೇ ಮೊದಲನೇ ಗಿರಾಕಿ."

ಸಂಜೆ ಮತ್ತೆ ಮೂರು ಕುರ್ಚಿಗಳು ಹತ್ತಿರ ಬಂದವು. ಡ್ರೈವರ್ ಸಾಹೇಬರು ಬ್ರೇಕ್ ಹಾಕದೆ ಹೆಣೆಯುತ್ತಾರೆ ಎಂದು ಅತ್ತೆ ಕೆಣಕಿದರು. ನಕ್ಕು ನಕ್ಕು ಅಕ್ಕನ ಕಡ್ಡಿಯಿಂದ ಕುಣಿಕೆಗಳೇ ಜಾರಿದವು. ಮರುದಿನ ಬೆಳಿಗ್ಗೆ ಕುರ್ಚಿಯ ಮೇಲೆ ಅವಳ ಅಂಗೈಗೆ ಮತ್ತೆ ಕಡ್ಡಿ ಸಿಕ್ಕಿತು.

ವಾರ ಕಳೆದು ಅಕ್ಕ ಅಂಗಡಿಗೆ ಹೋದಾಗ, ಅಲ್ಲೇ ಇದ್ದ ತಾಯಿಯೊಬ್ಬರ ಕಂಕುಳಲ್ಲಿದ್ದ ಕೂಸಿಗೆ ಯಜಮಾನಿ, ಅಕ್ಕನ ಗಂಡ ಹೆಣೆದ ಟೋಪಿ ಹಾಕಿ ನೋಡಿದರು. ಕೂಸು ಕಿತ್ತೆಸೆಯಲಿಲ್ಲ. ದಪ್ಪ ತುರುಬಿನ ಅಜ್ಜಿಯೊಬ್ಬರು ಅತ್ತೆಯ ಟೋಪಿ ತೊಟ್ಟು ಕನ್ನಡಿ ಬಿಟ್ಟು ಕದಲಲಿಲ್ಲ. ಚಳಿ ಮುಗಿಯುವಷ್ಟರಲ್ಲಿ ಕಪಾಟು ಎಷ್ಟೋ ಸಲ ತುಂಬಿ ಖಾಲಿಯಾಯಿತು.

"ಕೈಯಲ್ಲಿ ಎಷ್ಟು ಅಂತ ಹೆಣೀತೀರಾ?" ಎಂದರು ಯಜಮಾನಿ ಒಂದು ದಿನ. "ನನ್ನ ತಂಗಿ ಮನೇಲಿ ಹೆಣಿಗೆ ಮೆಷಿನ್ ಸುಮ್ನೆ ಬಿದ್ದಿದೆ. ನಾಳೆನೇ ಕಳಿಸ್ತೀನಿ, ದುಡ್ಡುಗಿಡ್ಡು ಏನೂ ಬೇಡ. ನೀವೊಬ್ರೇ ಕೂತು ರಾಶಿ ಹಾಕ್ಬಹುದು."

"ನಿಮ್ಮ ಮನಸ್ಸು ದೊಡ್ಡದಮ್ಮಾ. ಆದ್ರೆ ಬೇಡ."

"ಅಯ್ಯೋ, ಪುಕ್ಕಟೆ ಕಣ್ರೀ!"

"ಗೊತ್ತು. ಆದ್ರೆ ಮೆಷಿನ್ ಬಂದ್ರೆ ಬೆಳಿಗ್ಗೆ ಎದ್ದು ಕುರ್ಚಿ ಮೇಲೆ ನಾನು ಏನು ಹುಡುಕ್ಲಿ?" ಎಂದು ನಗುತ್ತಾ, ಅಕ್ಕ ಖಾಲಿ ಬುಟ್ಟಿ ಎತ್ತಿಕೊಂಡು ಮನೆಗೆ ಹೊರಟಳು.