ನಲವತ್ತೇಳನೆಯ ಕಲ್ಲು

ಬಿದ್ದ ಕಲ್ಲುಗಳಿಗೆ ನಂಬರು ಹಾಕುವುದೇ ಪುರಾತತ್ವ ಇಲಾಖೆಯಲ್ಲಿ ನನ್ನ ಮೊದಲ ಕೆಲಸ. ಪನಮರಂ ಹತ್ತಿರ ಕಾಫಿ ತೋಟದ ನಡುವೆ ಹಳೆಯ ಬಸದಿಯೊಂದು ಕುಸಿದಿತ್ತು. ಕಲ್ಲು ಬಿದ್ದಲ್ಲೇ ಸುಣ್ಣದಲ್ಲಿ ನಂಬರು ಬರೆದು ನಕ್ಷೆಗೆ ಇಳಿಸಿದರೆ, ಮುಂದೆ ಅದನ್ನು ನೋಡಿ ಮತ್ತೆ ಜೋಡಿಸಬಹುದು.

ನಕ್ಸಲರ ಕಾಲ ಅದು. ಅಳತೆಯ ಟೇಪು ಹಿಡಿದು ತೋಟದಲ್ಲಿ ಅಲೆಯುವ ಹೊಸಬನನ್ನು ಪೊಲೀಸರು ನಕ್ಸಲ ಅಂದುಕೊಳ್ಳುತ್ತಿದ್ದರು, ರೈತರು ಸರ್ವೆಯವನು ಅಂದುಕೊಳ್ಳುತ್ತಿದ್ದರು. ಬಸದಿಯ ಪಕ್ಕದಲ್ಲೇ ಪಟ್ಟಾ ಇಲ್ಲದ ನೆಲದಲ್ಲಿ ಮನೆ ಕಟ್ಟಿಕೊಂಡಿದ್ದ ಮಾದಯ್ಯ ಎರಡು ದಿನ ನಾನು ನಂಬರು ಬರೆಯುವುದನ್ನೇ ನೋಡಿದ.

ಮೂರನೆಯ ದಿನ ನಲವತ್ತೆರಡಕ್ಕೆ ಮುಗಿಸಿ ಊಟಕ್ಕೆ ಹೋಗಿ ಬಂದರೆ, ನಂಬರು ನಲವತ್ತೇಳರವರೆಗೆ ಹೋಗಿತ್ತು! ನಲವತ್ತಮೂರು ಮಾದಯ್ಯನ ಮನೆಯ ಮೆಟ್ಟಿಲು. ನಲವತ್ತನಾಲ್ಕು ಒರಳು. ನಲವತ್ತೇಳರ ಮೇಲೆ ಅವನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು.

"ಇದೇನು ಮಾದಯ್ಯ?"

"ನಂಬರು ಬಿದ್ದದ್ದನ್ನ ಗೌರ್ಮೆಂಟು ಕಿತ್ತು ಬಿಸಾಕೋದಿಲ್ಲವಲ್ಲ ಸಾರೇ," ಅಂದ. "ನಿಮ್ಮ ದೇವರಿಗೂ ಪಟ್ಟಾ ಇಲ್ಲ, ನನಗೂ ಇಲ್ಲ. ಒಟ್ಟಿಗೇ ಬರೆದುಬಿಡಿ."

ಒರೆಸಲು ಬಗ್ಗಿದೆ. ಅವನ ಹೆಂಡತಿ ಎದ್ದು ನಿಂತಳು. ಕೈಯಲ್ಲಿ ಹುರಿಯಂತೆ ಹಿಂಡಿದ ಒದ್ದೆ ಪಂಚೆ ಇತ್ತು. ನಾನು ಮರ್ಯಾದೆಯಿಂದ ಪೆನ್ಸಿಲು ತೆಗೆದು ಐದನ್ನೂ ನಕ್ಷೆಗೆ ಸೇರಿಸಿದೆ. ಒಗೆಯುವ ಕಲ್ಲು ಸವೆದು ನುಣುಪಾದ ಜಾಗವನ್ನೂ ಬಿಡಲಿಲ್ಲ.

ನಕ್ಷೆ ನೋಡಿ ಮೇಲಧಿಕಾರಿ ಬೆನ್ನು ತಟ್ಟಿದರು. ನಂಬರಿನ ಒಂದು ಕಲ್ಲನ್ನೂ ಯಾರೂ ಕದಲಿಸಕೂಡದು ಎಂದು ಆದೇಶ ಹೊರಡಿಸಿದರು. ನಲವತ್ತೇಳರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸ್ವತಃ ಬರೆದರು: "ಬಹುಶಃ ಅಭಿಷೇಕದ ಪೀಠ. ಸವೆತ ನೋಡಿದರೆ ನಿತ್ಯಪೂಜೆ ತಪ್ಪಿದಂತಿಲ್ಲ."