ಮಣಿಕಟ್ಟಿನ ಮೇಲೊಂದು ಹನಿ ವ್ಯಾಕ್ಸ್

ಆಗಲ್ಲ ಅಂದವಳು ನನ್ನ ಸೋದರತ್ತೆ. ಬೇರೆಯವರೂ ಅಂದಿದ್ದರು. ಆದರೆ ಬೀದಿಯ ಮಾತು ಬೀದಿಯಲ್ಲೇ ಒಣಗಿಹೋಗುತ್ತದೆ. ಅತ್ತೆಯ ಮಾತು ಹಾಗಲ್ಲ. ನನ್ನನ್ನು ಸಾಕಿದವಳು ಅವಳು. ರಾಮನಗರದ ರೇಷ್ಮೆ ಯೂನಿಟ್ಟಿನಲ್ಲಿ ಕುದಿನೀರಿನ ಬೇಸಿನ್ ಮುಂದೆ ಕೂತು, ಬೆಂದ ರೇಷ್ಮೆಗೂಡಿನಿಂದ ನೂಲು ಬಿಚ್ಚಿ ನನ್ನನ್ನು ಬಿ.ಎ. ಓದಿಸಿದವಳು. ನಮ್ಮ ಮನೆಯಲ್ಲಿ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಬ್ಯೂಟಿಷಿಯನ್ ಕೋರ್ಸಿಗೆ ಸೇರುತ್ತೇನೆ ಅಂದ ದಿನ ಅವಳು ನನ್ನ ಬಲಗೈ ಹಿಡಿದು, ಅಂಗೈ ತಿರುಗಿಸಿ ನನಗೇ ತೋರಿಸಿದಳು.

"ಇದು ಬೇಸಿನ್ನಲ್ಲಿ ಬೆಂದ ಕೈ ಕಣಮ್ಮಿ. ಈ ಕೈಲಿ ಮೈ ಮುಟ್ಟುಸ್ಕೊಳ್ಳಾಕೆ ಯಾವ ಹೆಣ್ಣು ಬತ್ತಾಳೆ? ಆಗಾಕಿಲ್ಲ, ಬುಟ್ಬುಡು."

ಕೈಯ ವಿಷಯದಲ್ಲಿ ಅವಳು ಸುಳ್ಳು ಹೇಳಿರಲಿಲ್ಲ. ಪಿಯುಸಿಯಿಂದ ಬಿ.ಎ. ಮುಗಿಯುವ ತನಕ ಐದು ವರ್ಷ, ಕಾಲೇಜಿಗೆ ಹೋಗುವ ಮುಂಚೆ ನಾನೂ ಅವಳ ಪಕ್ಕದ ಬೇಸಿನ್ನಿನಲ್ಲಿ ಕೂತಿದ್ದೇನೆ. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಬೇಕಾದರೆ ಬಿಸಿನೀರಿಗೆ ಬೆರಳು ಇಳಿಸಲೇಬೇಕು. ಮೊದಲ ವರ್ಷ ಬೆರಳು ಉರಿಯುತ್ತಿತ್ತು. ಎರಡನೇ ವರ್ಷ ಬಿಳಿಚಿಕೊಂಡು ಸುಲಿಯಿತು. ಆಮೇಲೆ ಏನೂ ಅನ್ನಿಸಲಿಲ್ಲ. ಕೆಲಸ ಕೈಗೆ ಹತ್ತಿತು ಅಂತ ನಾವೆಲ್ಲ ಅಂದುಕೊಂಡೆವು.

ನಾನು ಕೋರ್ಸಿಗೆ ಸೇರಿಯೇಬಿಟ್ಟೆ. ಡಿಗ್ರಿ ಓದಿ ಹೆಂಗಸರ ಕೂದಲು ಕೀಳಾಕೆ ಹೋಯ್ತಾಳಂತೆ ಅಂತ ಬಸ್‌ಸ್ಟ್ಯಾಂಡಿನವರೆಗೂ ನಗು ಹಬ್ಬಿತು. ಬಿ.ಎ. ಆದವಳು ಇಂಥ ಕೆಲಸ ಮಾಡಕೂಡದು ಅಂತ ಯಾವ ಅಂಕಪಟ್ಟಿಯ ಹಿಂದೆಯೂ ಬರೆದಿಲ್ಲ. ನನ್ನವನ್ನು ತಿರುಗಿಸಿ ನೋಡಿದ್ದೇನೆ.

ಮೂರನೇ ವಾರ ವ್ಯಾಕ್ಸಿಂಗ್ ಶುರುವಾಯಿತು. ನಾವೇ ಒಬ್ಬರ ಕೈ ಮೇಲೊಬ್ಬರು ಕಲಿಯಬೇಕು. ನನ್ನ ಜೋಡಿ ಚನ್ನಪಟ್ಟಣದ ಹುಡುಗಿ. ಅವರಪ್ಪ ಅಲ್ಲಿ ಬೊಂಬೆಗೆ ಅರಗು ಹಚ್ಚುವವರು. ಹೀಟರಿನಲ್ಲಿ ಕರಗಿದ ವ್ಯಾಕ್ಸನ್ನು ಕಡ್ಡಿಯಲ್ಲಿ ಎತ್ತಿ, ಬೇಸಿನ್ ನೀರು ನೋಡಿದ ಹಾಗೇ ತೋರುಬೆರಳಿನ ತುದಿಯಿಂದ ಮುಟ್ಟಿ ನೋಡಿದೆ. ಬೆಚ್ಚಗಿದೆ, ಅಷ್ಟೇ ಅನ್ನಿಸಿತು. ಅವಳ ಮುಂಗೈಗೆ ಬಳಿದೆ.

ಅವಳು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ತರಬೇತಿ ಕೊಡುತ್ತಿದ್ದ ಮೇಡಂ ಓಡಿ ಬಂದು ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. ನೀರು ಬಹಳ ಹೊತ್ತು ಹರಿಯಿತು. ಆದರೂ ಹುಣಸೆಬೀಜದಷ್ಟು ದೊಡ್ಡ ಬೊಬ್ಬೆ ಎದ್ದಿತು. ಬಿಸಿ ಹೇಗೆ ನೋಡಿದೆ ಅಂತ ಮೇಡಂ ಕೇಳಿದರು. ಬೆರಳು ತೋರಿಸಿದೆ. ಅವರು ತಮ್ಮ ಉಗುರಿನಿಂದ ನನ್ನ ಬೆರಳ ತುದಿಯನ್ನು ಒತ್ತಿ ಹಿಡಿದು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಏನೂ ಆಗಲಿಲ್ಲ.

ಈ ಕೈ ಈ ಕೆಲಸಕ್ಕಲ್ಲ, ಮೆಹಂದಿ ಹಾಕುವುದು ಕಲಿ, ವ್ಯಾಕ್ಸಿಂಗ್ ಬಿಟ್ಟುಬಿಡು ಅಂದರು. ಅತ್ತೆಯ ನಂತರ, ಮನಸ್ಸಿಗೆ ತಾಗುವಂತೆ ಆಗಲ್ಲ ಅಂದವರು ಅವರೇ.

ಮನೆಗೆ ಬಂದವಳೇ ಲೋಟದಲ್ಲಿ ಬಿಸಿನೀರು ತುಂಬಿಕೊಂಡು ಜಗಲಿಯ ಮೇಲೆ ಕೂತೆ. ಒಂದೊಂದೇ ಹನಿ ಬಿಟ್ಟುಕೊಂಡು ನೋಡಿದೆ. ಬೆರಳ ತುದಿಗೆ ಏನೂ ಇಲ್ಲ. ಅಂಗೈಗೂ ಇಲ್ಲ. ಮಣಿಕಟ್ಟಿನ ಒಳಭಾಗಕ್ಕೆ, ನಾಡಿ ನೋಡುವ ಜಾಗಕ್ಕೆ ಹನಿ ಬಿದ್ದಾಗ ಲೋಟ ಎತ್ತಿ ಹಾಕುವಷ್ಟು ಚುರುಕ್ ಅಂತು. ನಗು ಬಂತು. ನನ್ನ ಬೆರಳು ಸುಳ್ಳು ಹೇಳುತ್ತದೆ, ಸರಿ. ಆದರೆ ಅದರಿಂದ ಒಂದು ಗೇಣು ಆಚೆಗೆ ನಿಜ ಹೇಳುವ ಜಾಗ ಇದೆ.

ಮರುದಿನ ಮೇಡಂಗೆ ಅಷ್ಟನ್ನೇ ಹೇಳಿದೆ. ಮೊದಲು ನನ್ನ ಮಣಿಕಟ್ಟಿಗೆ ಒಂದು ಹನಿ, ಆಮೇಲೆ ಮಾಡಿಸಿಕೊಳ್ಳುವವರ ಮೈಗೆ ಕಾಸಿನಗಲ, ಆಮೇಲೆ ಮಿಕ್ಕದ್ದು. ಬೊಬ್ಬೆ ಎದ್ದರೆ ನಾನೇ ಬ್ಯಾಗ್ ಎತ್ತಿಕೊಂಡು ಹೋಗುತ್ತೇನೆ. ಅವರು ಹೀಟರನ್ನು ನನ್ನ ಕಡೆ ಸರಿಸಿದರು.

ಅವತ್ತಿಂದ ಯಾರ ಕೈ ಮುಟ್ಟುವ ಮುಂಚೆಯೂ ಕೇಳತೊಡಗಿದೆ. ಮೆಡಿಕಲ್ ಸ್ಟೋರಿಂದ ಬೆಳ್ಳಗಾಗುವ ಕ್ರೀಮು ತಂದು ಹಚ್ಚುತ್ತೀರಾ? ಸಕ್ಕರೆ ಕಾಯಿಲೆ ಇದೆಯಾ? ಗಾಯ, ಗುಳ್ಳೆ ಏನಾದರೂ? ಹೌದು ಅಂದವರಿಗೆ, ಅಂಥ ಚರ್ಮ ಬೇಗ ಕಿತ್ತು ಬರುತ್ತದೆ, ಇವತ್ತು ಬೇಡ ಅನ್ನುತ್ತಿದ್ದೆ. ಚರ್ಮ ಬಿಗಿಯಾಗಿ ಹಿಡಿದು, ವ್ಯಾಕ್ಸ್ ಮೇಲೆ ಅಂಟಿಸಿದ ಬಟ್ಟೆಪಟ್ಟಿಯನ್ನು ಮೈಗೆ ತಾಗಿಕೊಂಡಂತೆ ಹಿಂದಕ್ಕೆ ಎಳೆಯುವುದು, ಮೇಲಕ್ಕೆ ಕಿತ್ತು ಎತ್ತದಿರುವುದು, ಒಂದು ಸಲ ಎಳೆದ ಜಾಗಕ್ಕೆ ಮತ್ತೆ ವ್ಯಾಕ್ಸ್ ಬಳಿಯದಿರುವುದು, ಎಲ್ಲ ರೂಢಿಯಾಯಿತು. ಜೊತೆಯವರು ಡಾಕ್ಟ್ರಮ್ಮ ಅಂತ ಹೆಸರಿಟ್ಟರು. ಹಾಗೆ ಕರೆದರೂ ನಾನು ತಿರುಗುತ್ತಿದ್ದೆ.

ಆರು ತಿಂಗಳಾಗಿ ಪರೀಕ್ಷೆ ಬಂತು. ವ್ಯಾಕ್ಸಿಂಗಿಗೆ ಒಬ್ಬೊಬ್ಬರೂ ತಮ್ಮ ಕಡೆಯ ಒಬ್ಬರನ್ನು ಕರೆತರಬೇಕು. ನನ್ನ ಮುಂದೆ ಕೈ ಚಾಚಲು ಯಾರೂ ತಯಾರಿರಲಿಲ್ಲ. ಬೊಬ್ಬೆಯ ಕಥೆ ನನಗಿಂತ ಮುಂಚೆ ಮನೆಮನೆ ತಲುಪಿತ್ತು. ಕೊನೆಗೆ ಅತ್ತೆ ಬಂದಳು. ಆಗಾಕಿಲ್ಲ ಅಂದೋಳು ನಾನೇ, ಆಗದೇ ಇರಾದ್ನ ನಾನೇ ಬಂದು ನೋಡ್ತೀನಿ ಅಂತ ಯೂನಿಟ್ಟಿಗೆ ರಜಾ ಹಾಕಿ, ಮದುವೆಗೆ ಉಡುವ ಸೀರೆ ಉಟ್ಟು ಬಂದಳು.

ಪರೀಕ್ಷಕರು ಬೆಂಗಳೂರಿನವರು, ಮಾತು ಕಡಿಮೆ. ಮೊಣಕೈಯಿಂದ ಬೆರಳಿನವರೆಗೆ, ಒಂದೇ ಕೈ, ಬಲಗೈ ಅಂದರು. ನನ್ನ ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿದೆ, ಹದವಾಗಿತ್ತು. ಅತ್ತೆಯ ಮೊಣಕೈ ಹತ್ತಿರ ಕಾಸಿನಗಲ ಬಳಿದೆ. ಬೆಚ್ಚಗೈತೆ ಅಂದಳು. ಮಣಿಕಟ್ಟಿನ ಹತ್ತಿರ ಬಳಿದೆ.

"ಏನೂ ಇಲ್ಲ, ಹಚ್ಚು ಹಚ್ಚು."

ಅದೇ ಹೀಟರು, ಅದೇ ಕಡ್ಡಿ, ಅದೇ ಬಿಸಿ. ಆ 'ಏನೂ ಇಲ್ಲ' ನನಗೆ ಗೊತ್ತಿದ್ದದ್ದೇ. ಬಳಿದಿದ್ದನ್ನು ಎಣ್ಣೆ ಹಾಕಿ ಒರೆಸಿದೆ. ಕಣ್ಣು ಮುಚ್ಕೋ ಅತ್ತೆ ಅಂದು, ಕಡ್ಡಿಯ ತುದಿಯಿಂದ ಅವಳ ಮುಂಗೈಯನ್ನು ಅಲ್ಲಲ್ಲಿ ಮುಟ್ಟಿ, ಎಲ್ಲಿ ಮುಟ್ಟಿದೆ ಅಂತ ಕೇಳಿದೆ. ಮಣಿಕಟ್ಟಿನ ಮೇಲೆ ನಾಲ್ಕು ಬೆರಳಿನಷ್ಟು ದೂರದಿಂದ ಕೆಳಕ್ಕೆ ಅವಳ ಉತ್ತರ ಒಂದೂ ಸರಿಯಿರಲಿಲ್ಲ. ಅಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಮಿರುಗುತ್ತಿತ್ತು. ಜೊತೆಗೇ ಬದುಕಿದ್ದೆ, ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ನನ್ನ ಬೇಸಿನ್ನು ಐದು ವರ್ಷದ್ದು. ಅವಳದು ಮೂವತ್ತು ವರ್ಷದ್ದು. ನನ್ನಲ್ಲಿ ನಿಜ ಹೇಳಲು ಉಳಿದಿದ್ದ ಜಾಗವೂ ಅವಳಲ್ಲಿ ಉಳಿದಿರಲಿಲ್ಲ.

ಇಲ್ಲಿಂದ ಕೆಳಗೆ ಮಾಡಲ್ಲ ಅಂತ ಪರೀಕ್ಷಕರಿಗೆ ಹೇಳಿದೆ. ಬೆರಳಿನವರೆಗೆ ಮಾಡದಿದ್ದರೆ ಅಂಕ ಕಳೆಯಬೇಕಾಗುತ್ತದೆ, ಫೇಲೂ ಆಗಬಹುದು ಅಂದರು. ಅತ್ತೆ ಸೆರಗೊಳಗಿಂದ ನನ್ನ ಸೊಂಟ ಚಿವುಟಿದಳು. ನಂಗೇನೂ ನೋವಾಗಾಕಿಲ್ಲ, ಎಳೆದ್ಬುಡು, ಪಾಸಾಗು ಅಂತ ಪಿಸುಗುಟ್ಟಿದಳು.

"ನೋವಾಗಲ್ಲ ಅಂದ್ರೆ ಗಟ್ಟಿ ಚರ್ಮ ಅಂತಲ್ಲ ಮೇಡಂ," ಪರೀಕ್ಷಕರಿಗೆ ಅಂದೆ. "ಬೇಡ ಅನ್ನೋಕೆ ಅದಕ್ಕೆ ಬಾಯಿ ಇಲ್ಲ, ಅಷ್ಟೇ. ಸುಟ್ಟರೂ ಹೇಳಲ್ಲ, ಕಿತ್ತು ಬಂದರೂ ಹೇಳಲ್ಲ. ಫೇಲ್ ಮಾಡೋದಾದ್ರೆ ಮಾಡಿ."

ಧ್ವನಿ ಜೋರಾಗಿಯೇ ಬಂತು. ನನ್ನ ಮೇಡಂ ಗೋಡೆ ಹತ್ತಿರ ನಿಂತು ನೋಡುತ್ತಿದ್ದರು. ಪರೀಕ್ಷಕರು ಎದ್ದು ಬಂದು ಅತ್ತೆಯ ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಎರಡು ಸಲ. ಹಾಳೆಯಲ್ಲಿ ಏನೋ ಬರೆದುಕೊಂಡರು. ಮೇಲಿನದ್ದು ಮಾಡು ಅಂದರು.

ಪೌಡರ್ ಉದುರಿಸಿ, ವ್ಯಾಕ್ಸ್ ಬಳಿದು, ಪಟ್ಟಿ ಅಂಟಿಸಿ ಎಳೆದೆ. ಅತ್ತೆ ಅವ್ವಯ್ಯೋ ಅಂತ ಕೂಗಿ ನನ್ನ ವಂಶವನ್ನೇ ಬೈದಳು. ಅದು ಅವಳದ್ದೂ ವಂಶ ಅನ್ನುವುದು ಆ ಗಳಿಗೆಗೆ ನೆನಪಿರಲಿಲ್ಲ. ಹಾಲ್ ಪೂರಾ ನಕ್ಕಿತು. ನೋವಾಯ್ತಾ ಅತ್ತೆ ಅಂದೆ. ಆಗ್ದೆ ಇನ್ನೇನು ಅಂದಳು. ಒಬ್ಬರಿಗೆ ನೋವಾಗಿದ್ದಕ್ಕೆ ನಾನು ಅಷ್ಟು ಖುಷಿಪಟ್ಟಿದ್ದು ಅದೊಂದೇ ಸಲ.

ತಣ್ಣನೆ ಬಟ್ಟೆ ಒತ್ತಿ, ಲೋಳೆಸರದ ತಿರುಳು ಸವರಿ, ನಾಳೆ ಸಂಜೆಯವರೆಗೆ ಈ ಕೈಗೆ ಬಿಸಿ, ಹಬೆ ತಾಗಕೂಡದು ಅಂದೆ. ಗೂಡು ನಿಮ್ಮಪ್ಪ ಬಂದು ಬಿಚ್ತಾನಾ ಅಂದಳು. ಮರುದಿನ ನಾನೇ ಹೋಗಿ ಅವಳ ಬೇಸಿನ್ನಿನ ಮುಂದೆ ಕೂತೆ. ಬಿ.ಎ. ವಾಪಸ್ ಬಂತು ನೋಡ್ರೋ ಅಂತ ಯೂನಿಟ್ಟಿನವರು ನಗಾಡಿದರು. ನನ್ನ ಕಸ್ಟಮರಿಗೆ ಒಂದಿನ ರಜಾ ಕೊಟ್ಟಿದೀನಿ ಅಂದೆ. ಹಾಗೆ ಹೇಳಿದ್ದರಲ್ಲಿ ನನಗೆ ನಾಚಿಕೆಯೇನೂ ಇರಲಿಲ್ಲ.

ಎರಡು ತಿಂಗಳ ಮೇಲೆ ಸರ್ಟಿಫಿಕೇಟು ಬಂತು. ಬೆರಳಿನವರೆಗೆ ಮಾಡದ್ದಕ್ಕೆ ಅಂಕ ಕಳೆದಿದ್ದರು. ಪಾಸು ಮಾಡಿದ್ದರು. ಮೆಹಂದಿ ಕಲಿ ಅಂದಿದ್ದ ಮೇಡಮ್ಮೇ ಅದನ್ನು ನನ್ನ ಕೈಗೆ ಕೊಟ್ಟರು. ಹೊಸದಾಗಿ ಸೇರಿದವರಿಗೆ ಮಣಿಕಟ್ಟಿನಲ್ಲಿ ಬಿಸಿ ನೋಡೋದನ್ನ ನೀನೇ ಬಂದು ತೋರಿಸಿಕೊಡು ಅಂದರು.

ನಾನು ನೇರ ಯೂನಿಟ್ಟಿಗೆ ಹೋಗಿ ಅದನ್ನು ಅತ್ತೆಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ತಗೊಂಡಳು. ಓದಲು ಬರುವುದಿಲ್ಲ, ಆದರೂ ಮೇಲಿಂದ ಕೆಳಗಿನವರೆಗೆ ನಿಧಾನಕ್ಕೆ ನೋಡಿದಳು.

"ಮೂವತ್ತು ವರ್ಷದಿಂದ ಈ ಕೈಗೆ ಬಿಸಿ ಆಯ್ತದಾ ಅಂತ ಯಾರೂ ಕೇಳಿರ್ನಿಲ್ಲ ಕಣಮ್ಮಿ," ಅಂದಳು. ಕಾಗದವನ್ನು ನನ್ನ ಕೈಗೆ ವಾಪಸ್ ಇಟ್ಟು, ಎರಡೂ ತೋಳನ್ನು ಮುಂದೆ ಚಾಚಿದಳು. "ಬಲಗೈಲಿ ಮತ್ತೆ ಬೆಳೆದ್ಬುಟ್ಟೈತೆ. ಈ ಸಲ ಎಡಗೈನೂ ಮಾಡು. ಬಿಸಿ ಮಾತ್ರ ನನ್ನ ಕೇಳ್ಬ್ಯಾಡ, ನಿನ್ ಮಣಿಕಟ್ಟನ್ನೇ ಕೇಳು."